ಬಿಸಿ ಅಳೆಯೋಕೆ ಹೋಗಿ ಲ್ಯಾಪ್‌ಟಾಪೇ ಹೋಯ್ತು!

ಕಂಪ್ಯೂಟರ್ ಎಷ್ಟು ಬಿಸಿಯಾಗಿದೆ ಅಂತ ಲಿನಕ್ಸ್‌ಗೆ ಹೇಳೋದು ಕರ್ನಲ್‌ನ ಒಂದು ಪುಟ್ಟ ಡ್ರೈವರ್. 2000ದ ಆಸುಪಾಸಿನಲ್ಲಿ ಎಲ್‌ಎಂ-ಸೆನ್ಸರ್ಸ್ ಅನ್ನೋ ತಂತ್ರಾಂಶ, ತಾಪಮಾನದ ಚಿಪ್ ಎಲ್ಲಿದೆ ಅಂತ ಹುಡುಕೋಕೆ ಒಂದೊಂದೇ ವಿಳಾಸದ ಬಾಗಿಲು ತಟ್ಟುತ್ತಿತ್ತು. ಕೆಲವು ಐಬಿಎಂ ಥಿಂಕ್‌ಪ್ಯಾಡ್‌ಗಳಲ್ಲಿ ಆ ಬಾಗಿಲ ಹಿಂದೆ ಇದ್ದದ್ದು ಬೇರೆ ಚಿಪ್. ಸೀರಿಯಲ್ ನಂಬರ್‌ನಂಥ ಮಾಹಿತಿ ಇಟ್ಟುಕೊಂಡಿದ್ದ ಮೆಮೊರಿ ಅದು. ಸುಮ್ಮನೆ ತಟ್ಟಿದ್ದಕ್ಕೇ ಅದು ಗೊಂದಲಗೊಂಡು, ಒಳಗಿನ ಮಾಹಿತಿ ಕೆಟ್ಟು, ಲ್ಯಾಪ್‌ಟಾಪ್ ಬೂಟ್ ಆಗೋದೇ ನಿಂತುಹೋಯ್ತು! ಆಮೇಲೆ, ಐಬಿಎಂ ಮಷೀನ್ ಕಂಡರೆ ಕೆಲಸವನ್ನೇ ನಿಲ್ಲಿಸುವ ತಪಾಸಣೆ ಕೋಡ್‌ಗೆ ಸೇರಿತು.

ಇವತ್ತು ಸೆನ್ಸರ್ ಡ್ರೈವರ್ ಬರೆಯೋರಿಗೆ ಕರ್ನಲ್‌ನ ನಿಯಮಗಳಲ್ಲೇ ಒಂದು ಮಾತಿದೆ: ಚಿಪ್ ಯಾವುದು ಅಂತ ಖಾತ್ರಿಯಾಗೋ ಮೊದಲು ಅದರೊಳಗೆ ಏನನ್ನೂ ಬರೆಯಬೇಡಿ. ತಾಪಮಾನ ಸರಿಯಾಗಿ ಬಂತಾ ಅಂತ ನೋಡಿದರಷ್ಟೇ ರಿವ್ಯೂ ಮುಗಿಯಲ್ಲ. ಆ ಸೆನ್ಸರೇ ಇಲ್ಲದ ಮಷೀನಿಗೆ ಏನಾಗುತ್ತೆ ಅಂತಲೂ ಕೇಳಬೇಕು.