ಬೇಕಾದ ಸೂಚನೆಯಷ್ಟೇ ಕಣ್ಣಿಗೆ ಬೀಳಲು: ಗಡಿಭಾಗದ ಪಾಲಕರಿಗೆ ಫೀಡ್ ಕೈಪಿಡಿ

ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲ್ಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಪಾಲಕರು ಎರಡು ರಾಜ್ಯಗಳ ಪ್ರಕಟಣೆಗಳ ಮೇಲೆ ಕಣ್ಣಿಡಬೇಕಾಗಿದೆ. ಪಠ್ಯಪುಸ್ತಕ ಪುಣೆಯ ಬಾಲಭಾರತಿಯದು. ಶಿಷ್ಯವೃತ್ತಿ ಪರೀಕ್ಷೆ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತಿನದು. ಹತ್ತನೆಯ ತರಗತಿಯ ಪರೀಕ್ಷೆ ಅಲ್ಲಿನ ಶಿಕ್ಷಣ ಮಂಡಳದ್ದು. ಇವುಗಳ ಸೂಚನೆಗಳು ಬಹುಪಾಲು ಮರಾಠಿಯಲ್ಲಿರುತ್ತವೆ. ಇತ್ತ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಗಡಿನಾಡು ಕನ್ನಡಿಗರಿಗಿರುವ ಅವಕಾಶವನ್ನು ಪ್ರಕಟಿಸುವುದು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಒಂದು ಕೊನೆಯ ದಿನಾಂಕ ತಪ್ಪಿದರೆ ಮಗುವಿನ ಒಂದು ವರ್ಷವೇ ಕೈತಪ್ಪಬಹುದು. ಹಾಗೆಂದು ದಿನವೂ ಇಷ್ಟೆಲ್ಲ ಜಾಲತಾಣಗಳನ್ನು ತೆರೆದು ನೋಡುವ ಬಿಡುವು ದುಡಿದು ಬದುಕುವ ಮನೆಗಳಲ್ಲಿ ಇರುವುದಿಲ್ಲ. ಇದಕ್ಕೆ ಸುಲಭ ಉಪಾಯ ಸೋಸಿದ ಫೀಡ್.

ಫೀಡ್ ಎಂದರೇನು?

ಜಾಲತಾಣವೊಂದು ತನ್ನ ಹೊಸ ಬರಹಗಳ ಶೀರ್ಷಿಕೆ, ದಿನಾಂಕ ಮತ್ತು ಕೊಂಡಿಗಳನ್ನು ಸೇರಿಸುತ್ತ ಹೋಗುವ ಪಟ್ಟಿಯೇ ಫೀಡ್. ಇದರ ಪ್ರಸಿದ್ಧ ರೂಪವಾದ ಆರ್‌ಎಸ್‌ಎಸ್ 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಿಂದ ಬಂದಿತು. ಹಲವು ತಾಣಗಳ ಪಟ್ಟಿಗಳನ್ನು ಒಂದೆಡೆ ತಂದು ತೋರಿಸುವ ತಂತ್ರಾಂಶಕ್ಕೆ ಫೀಡ್ ರೀಡರ್ ಎಂದು ಹೆಸರು. ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತುಹೋದರೂ ಫೀಡ್ಲಿ, ಇನೋರೀಡರ್ ಮುಂತಾದವು ಇಂದಿಗೂ ಇವೆ. ಗಣಕಯಂತ್ರವಿದ್ದವರಿಗೆ ಉಚಿತವಾದ ಥಂಡರ್‌ಬರ್ಡ್ ಸಾಕು. ಶೀರ್ಷಿಕೆಯಲ್ಲಿನ ಪದ ನೋಡಿ ಬೇಡವಾದುದನ್ನು ಅಳಿಸುವ, ಬೇಕಾದುದನ್ನು ಪ್ರತ್ಯೇಕಿಸುವ ನಿಯಮಗಳನ್ನು ಅದರಲ್ಲಿ ಬರೆದಿಡಬಹುದು.

ಫೀಡ್ ಒದಗಿಸದ ತಾಣಗಳಿಗೆ ಗೂಗಲ್ ಅಲರ್ಟ್ಸ್ ನೆರವಾಗುತ್ತದೆ. ನಾವು ಕೊಟ್ಟ ಪದಗಳಿರುವ ಹೊಸ ಪುಟಗಳ ಕೊಂಡಿಯನ್ನು ಅದು ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಇಮೇಲ್‌ಗೆ ಕಳುಹಿಸುತ್ತದೆ. ಬೇಕೆಂದರೆ ಫೀಡ್ ರೂಪದಲ್ಲಿಯೂ ಕೊಡುತ್ತದೆ.

ಪದಗಳ ಆಯ್ಕೆ

ಸೋಸುವ ಯಂತ್ರಕ್ಕೆ ಅಕ್ಷರ ಗೊತ್ತು, ಅಭಿಪ್ರಾಯ ಗೊತ್ತಿಲ್ಲ. ಆದ್ದರಿಂದ ಗಡಿಭಾಗದವರು ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದು, ಹೆಸರುಗಳ ರೂಪಭೇದ. ನಮ್ಮ ಪತ್ರಿಕೆಗಳಲ್ಲಿ ಸೋಲಾಪುರ, ಸೊಲ್ಲಾಪುರ. ಅಕ್ಕಲಕೋಟ, ಅಕ್ಕಲಕೋಟೆ ಎಂಬ ಎರಡೆರಡು ರೂಪಗಳು ಬಳಕೆಯಲ್ಲಿವೆ. ಒಂದನ್ನೇ ಕೊಟ್ಟರೆ ಇನ್ನೊಂದರ ಸುದ್ದಿ ತಪ್ಪೀತು. ಮರಾಠಿಯ ಶಿಷ್ಯವೃತ್ತಿ, ಕನ್ನಡದ ವಿದ್ಯಾರ್ಥಿವೇತನ, ಇಂಗ್ಲಿಷಿನ ಸ್ಕಾಲರ್‌ಶಿಪ್ ಮೂರನ್ನೂ ಆಯಾ ಲಿಪಿಯಲ್ಲಿಯೇ ಬರೆದು ಮೂರು ಅಲರ್ಟ್ ಮಾಡಿಕೊಳ್ಳುವುದು ಕ್ಷೇಮ.

ಎರಡು, ಒಂದೇ ಪದದ ಬೇರೆ ಅರ್ಥ. ದೇವನಾಗರಿಯಲ್ಲಿ ‘ಕನ್ನಡ’ ಎಂದಷ್ಟೇ ಬರೆದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಅದೇ ಹೆಸರಿನ ತಾಲ್ಲೂಕಿನ ಸುದ್ದಿಯೂ ಬರುತ್ತದೆ. ‘ಕನ್ನಡ ಮಾಧ್ಯಮ’ ಎಂಬ ಜೋಡಿಪದವನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಮೂರು, ಕಳೆಯುವುದಕ್ಕಿಂತ ಕೂಡಿಸುವುದು ಲೇಸು. ಅಕ್ಕಲಕೋಟ ಎಂದರೆ ಸ್ವಾಮಿ ಸಮರ್ಥರ ಕ್ಷೇತ್ರದ ಯಾತ್ರೆ, ಉತ್ಸವಗಳ ಸುದ್ದಿ ಸಹಜವಾಗಿಯೇ ಹೆಚ್ಚು. ಪದದ ಹಿಂದೆ ಕಳೆಯುವ ಚಿಹ್ನೆ ಹಾಕಿ ಅವನ್ನು ತಡೆಯಬಹುದು. ಆದರೆ ಅದೇ ಪದವಿರುವ ಶಾಲೆಯ ಸುದ್ದಿಯೂ ಜೊತೆಗೆ ಹೋದೀತು. ಊರಿನ ಹೆಸರಿನೊಡನೆ ‘ಶಾಲೆ’ ಎಂದು ಕೂಡಿಸಿದರೆ ಹೊಟ್ಟು ಹಾರಿ ಕಾಳು ಉಳಿಯುತ್ತದೆ.

ಇದರ ಮಿತಿ

ಗೂಗಲ್ ಕಂಡುಕೊಳ್ಳದ ಪುಟ ಅಲರ್ಟ್‌ನಲ್ಲಿ ಬರಲಾರದು. ಚಿತ್ರರೂಪದಲ್ಲಿ ಏರಿಸಿದ ಸುತ್ತೋಲೆಯೊಳಗಿನ ಪದಗಳೂ ಕಣ್ತಪ್ಪಬಹುದು. ಆದ್ದರಿಂದ ಅರ್ಜಿಯ ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಅಧಿಕೃತ ತಾಣವನ್ನೇ ತೆರೆದು ನೋಡಬೇಕು, ಮುಖ್ಯಾಧ್ಯಾಪಕರನ್ನೂ ವಿಚಾರಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ದಿನಾಂಕವನ್ನು ಮೂಲ ಸೂಚನೆಯೊಡನೆ ತಾಳೆ ನೋಡದೆ ನಂಬಬಾರದು.

ಪ್ರತಿ ಮನೆಯವರೂ ಇದನ್ನು ಮಾಡಬೇಕಾಗಿಲ್ಲ. ಶಾಲೆಗೊಬ್ಬರು ಹೊಣೆ ಹೊತ್ತು ದಿನಕ್ಕೆ ಹತ್ತು ನಿಮಿಷ ನೋಡಿ, ಮೂಲದ ಕೊಂಡಿಸಹಿತ ಪಾಲಕರ ಗುಂಪಿಗೆ ಕಳುಹಿಸಿದರೆ ಸಾಕು. ಅರ್ಜಿ ಹಾಕುವವರೇ ಇಲ್ಲವಾದರೆ ಸೌಲಭ್ಯ ಕಡತದಲ್ಲಿಯೇ ಉಳಿಯುತ್ತದೆ. ಬೇಡಿಕೆಯೇ ಇಲ್ಲವೆಂದು ನಾಳೆ ಅದನ್ನು ಕೈಬಿಡುವುದಕ್ಕೂ ಅದೇ ನೆಪವಾಗುತ್ತದೆ.