ಪಟ್ಟಿಯಲ್ಲಿಲ್ಲದ ಮಠ: ಹೆಲ್ಫ್ತಾದ ಸನ್ಯಾಸಿನಿಯರ ಪ್ರಾರ್ಥನೆ ಮತ್ತು ದಿನಚರಿ

ಸಭಾಚರಿತ್ರೆಯ ಪುಸ್ತಕಗಳಲ್ಲಿ ಸಿಸ್ಟರ್ಸಿಯನ್ ಸಂಘದ ವೃತ್ತಾಂತವು ಬಹುಮಟ್ಟಿಗೆ ಪುರುಷರ ವೃತ್ತಾಂತವಾಗಿದೆ. 1098ರಲ್ಲಿ ಬರ್ಗಂಡಿಯ ಸಿತೋ ಎಂಬಲ್ಲಿ ಮೊಲೆಮಿನ ರಾಬರ್ಟನು ಕಟ್ಟಿದ ಮಠ, ಕ್ಲೇರ್ವೋದ ಬರ್ನಾರ್ಡನ ಪ್ರಬೋಧನೆಗಳು, ಪಾಳುನೆಲವನ್ನು ಹಸನು ಮಾಡಿದ ಬಿಳಿ ನಿಲುವಂಗಿಯ ಸನ್ಯಾಸಿಗಳು: ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದುವುದು ಇಷ್ಟನ್ನೇ. ಆದರೆ 13ನೆಯ ಶತಮಾನದ ಯೂರೋಪಿನಲ್ಲಿ ಅದೇ ಆಚಾರವನ್ನು ಅನುಸರಿಸಿದ ಸ್ತ್ರೀಮಠಗಳು ನೂರಾರು ಇದ್ದವು. ಅವುಗಳಲ್ಲಿ ಅನೇಕವು ಸಂಘದ ಪಟ್ಟಿಯಲ್ಲಿ ಸ್ಥಾನ ಪಡೆಯಲೇ ಇಲ್ಲ. ಒಂದು ಮಠವನ್ನು ಸಿಸ್ಟರ್ಸಿಯನ್ ಎನ್ನಲು ಬೇಕಾದದ್ದು ಮಹಾಸಭೆಯ ಅಂಗೀಕಾರವೋ, ಅಲ್ಲಿ ದಿನವೂ ನಡೆಯುವ ಪ್ರಾರ್ಥನೆಯೋ? ಜರ್ಮನಿಯ ಹೆಲ್ಫ್ತಾ ಮಠದ ಚರಿತ್ರೆಯನ್ನು ಈ ಪ್ರಶ್ನೆಯೊಡನೆ ಓದುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಸಂಘವು ಸ್ತ್ರೀಯರಿಗೆ ಬಾಗಿಲು ಮುಚ್ಚಿದ್ದು ಒಮ್ಮೆಲೇ ಅಲ್ಲ. 1120ರ ದಶಕದಲ್ಲಿ ಸಿತೋಗೆ ಸಮೀಪದ ತಾರ್ ಎಂಬಲ್ಲಿ ಸನ್ಯಾಸಿನಿಯರ ಮಠ ಆರಂಭವಾಗಿತ್ತು. 1187ರಲ್ಲಿ ಕಾಸ್ಟೀಲಿನ ಅರಸನಾದ ಎಂಟನೆಯ ಅಲ್ಫೊನ್ಸೋ ಬುರ್ಗೋಸ್ ನಗರದ ಬಳಿ ಲಾಸ್ ಉಯೆಲ್ಗಾಸ್ ಮಠವನ್ನು ಸ್ಥಾಪಿಸಿದನು. ಬುರ್ಗೋಸ್ ಮತ್ತು ಪಲೆನ್ಸಿಯ ಧರ್ಮಪ್ರಾಂತ್ಯಗಳ ಮಠಾಧ್ಯಕ್ಷೆಯರು ತಮ್ಮ ಸನ್ಯಾಸಿನಿಯರನ್ನು ಆಶೀರ್ವದಿಸುತ್ತಾರೆ, ಅವರ ಪಾಪನಿವೇದನೆಯನ್ನು ಕೇಳುತ್ತಾರೆ, ಸುವಾರ್ತೆಯನ್ನು ಓದಿ ಬೋಧಿಸುತ್ತಾರೆ ಎಂಬ ವರದಿ ರೋಮಿಗೆ ತಲುಪಿದಾಗ, ಪೋಪ್ ಮೂರನೆಯ ಇನ್ನೊಸೆಂಟನು 1210ರಲ್ಲಿ ಅದನ್ನು ನಿಷೇಧಿಸಿದನು. ಸಂಘದ ಮಹಾಸಭೆಯು 1213ರಲ್ಲಿ ಸನ್ಯಾಸಿನಿಯರ ಆವರಣವಾಸದ ಕುರಿತು ಕಟ್ಟುನಿಟ್ಟು ಮಾಡಿತು. 1220ರಲ್ಲಿ ಹೊಸ ಸ್ತ್ರೀಮಠಗಳ ಸೇರ್ಪಡೆಯನ್ನು ತಡೆಯಿತು. 1228ರ ನಿರ್ಣಯ ಇನ್ನೂ ವಿಚಿತ್ರವಾದುದು: ಸ್ತ್ರೀಯರು ನಮ್ಮ ಆಚಾರಗಳನ್ನು ಅನುಕರಿಸುವುದಾದರೆ ನಾವು ಅಡ್ಡಿಪಡಿಸುವುದಿಲ್ಲ, ಆದರೆ ಅವರ ಆತ್ಮಗಳ ಪಾಲನೆಯ ಹೊಣೆಯನ್ನು ಹೊರುವುದಿಲ್ಲ ಎಂಬುದು ಅದರ ತಾತ್ಪರ್ಯ. ಯಾಜಕರನ್ನು ಕಳುಹಿಸುವುದು, ಮಠಗಳನ್ನು ಸಂದರ್ಶಿಸುವುದು ಸನ್ಯಾಸಿಗಳಿಗೆ ಭಾರವಾಗಿತ್ತು ಎಂಬುದನ್ನು ಒಪ್ಪೋಣ. ಆದರೂ ಪಾಲಕನಿಲ್ಲದ ಮಂದೆಗೆ ಮೇಯಲು ಅನುಮತಿ ಕೊಟ್ಟಂತಿದೆ ಈ ಔದಾರ್ಯ.

ಹೆಲ್ಫ್ತಾ ಸಮುದಾಯವು ಹುಟ್ಟಿದ್ದು ಮರುವರ್ಷವೇ. 1229ರಲ್ಲಿ ಮಾನ್ಸ್‌ಫೆಲ್ಡಿನ ಪ್ರಭು ಬುರ್ಕಾರ್ಡ್ ಮತ್ತು ಅವನ ಪತ್ನಿ ಎಲಿಜಬೆತ್ ಅದನ್ನು ಸ್ಥಾಪಿಸಿದರು. 1258ರಲ್ಲಿ ಅದು ಹೆಲ್ಫ್ತಾಕ್ಕೆ ಬಂದು ನೆಲೆಸಿತು. ಸಂಘವು ಅದನ್ನು ಅಂಗೀಕರಿಸಲಿಲ್ಲ. ಅವರಿಗೆ ಆತ್ಮಿಕ ಮಾರ್ಗದರ್ಶನ ನೀಡಿದವರು ಡೊಮಿನಿಕನ್ ಗುರುಗಳು. ಆದರೆ ಅವರು ಪಾಲಿಸಿದ್ದು ಸಿತೋದ ಆಚಾರವನ್ನೇ.

ಆ ಆಚಾರದ ತಳಹದಿ ಸಂತ ಬೆನೆಡಿಕ್ಟನ ನಿಯಮ. ನಡುರಾತ್ರಿ ಕಳೆದ ಮೇಲೆ ಎದ್ದು ಜಾಗರಣೆಯ ಪ್ರಾರ್ಥನೆ, ಹಗಲಿನಲ್ಲಿ ಏಳು ಹೊತ್ತಿನ ಆರಾಧನೆ, ವಾರಕ್ಕೆ 150 ಕೀರ್ತನೆಗಳ ಪಾರಾಯಣ. ಅದೂ ಲತೀನಿನಲ್ಲಿ, ಚಳಿಗಾಲದ ಕಲ್ಲುಗೋಡೆಗಳ ನಡುವೆ. ಊಟ ಮೌನದಲ್ಲಿ ನಡೆಯುತ್ತಿತ್ತು. ಒಬ್ಬಳು ಓದುತ್ತಿದ್ದಳು, ಉಳಿದವರು ಆಲಿಸುತ್ತಿದ್ದರು. ಮಾಂಸವು ರೋಗಿಗಳಿಗೆ ಮಾತ್ರ. ಆರಾಧನೆಯ ನಡುವಣ ಹೊತ್ತು ನೂಲುವುದು, ಕಸೂತಿ, ಗ್ರಂಥಗಳ ಪ್ರತಿ ಮಾಡುವುದು, ರೋಗಿಗಳ ಶುಶ್ರೂಷೆ ಇವುಗಳಿಗೆ ಮೀಸಲು. ಇಂಥ ಮಠಗಳಲ್ಲಿ ಗಾಯನವೃಂದದ ಸನ್ಯಾಸಿನಿಯರು ಹೆಚ್ಚಾಗಿ ಪ್ರಭುಮನೆತನಗಳಿಂದ ಬಂದವರಾಗಿದ್ದರು, ಒರಟು ಕೆಲಸದ ಬಹುಪಾಲು ಸೇವಾಸಹೋದರಿಯರ ಮೇಲೆ ಬೀಳುತ್ತಿತ್ತು ಎಂಬುದನ್ನೂ ಮರೆಯಬಾರದು. ಆ ಸಹೋದರಿಯರ ದರ್ಶನಗಳನ್ನು ಬರೆದಿಟ್ಟವರು ವಿರಳ.

1251ರಲ್ಲಿ, ಹತ್ತೊಂಬತ್ತರ ಹರೆಯದಲ್ಲೇ, ಹಾಕೆಬೋರ್ನಿನ ಗೆರ್ಟ್ರೂಡ್ ಮಠಾಧ್ಯಕ್ಷೆಯಾಗಿ ಆಯ್ಕೆಯಾದಳು. ನಲವತ್ತು ವರ್ಷ, ಮರಣದವರೆಗೆ, ಆ ಹೊಣೆಯನ್ನು ಹೊತ್ತಳು. ವಿದ್ಯಾಭ್ಯಾಸ ಕುಂದಿದರೆ ಪವಿತ್ರಗ್ರಂಥ ಅರ್ಥವಾಗದು, ಗ್ರಂಥ ಅರ್ಥವಾಗದಿದ್ದರೆ ಆರಾಧನೆಯೇ ಅಳಿಯುತ್ತದೆ ಎಂಬುದು ಆಕೆಯ ದೃಢವಾದ ನಿಲುವು. ಆದುದರಿಂದ ಒಳ್ಳೆಯ ಗ್ರಂಥಗಳನ್ನು ಕೊಂಡು ತರಿಸಿದಳು, ಇಲ್ಲವೇ ಸಹೋದರಿಯರಿಂದ ಪ್ರತಿ ಮಾಡಿಸಿದಳು. ಆಕೆಯ ತಂಗಿ ಮೆಕ್‌ಥಿಲ್ಡ್ ಗಾಯನವೃಂದದ ನಾಯಕಿಯೂ ಮಠಶಾಲೆಯ ಶಿಕ್ಷಕಿಯೂ ಆಗಿದ್ದಳು. ಐದು ವರ್ಷದ ಮಗುವಾಗಿ ಆ ಶಾಲೆಗೆ ಬಂದು ಆಕೆಯ ಕೈಯಲ್ಲಿ ಬೆಳೆದವಳೇ ಮುಂದೆ ‘ಮಹಾ ಗೆರ್ಟ್ರೂಡ್’ ಎನಿಸಿದವಳು.

ಈ ಎರಡನೆಯ ಗೆರ್ಟ್ರೂಡಳ ಮನಪರಿವರ್ತನೆಯ ಸಂದರ್ಭ ಗಮನಾರ್ಹ. 1281ರ ಜನವರಿ 27, ರಾತ್ರಿಯ ಕೊನೆಯ ಪ್ರಾರ್ಥನೆ ಮುಗಿದಿತ್ತು. ಶಯನಶಾಲೆಯಲ್ಲಿ ಎದುರಾದ ಹಿರಿಯ ಸಹೋದರಿಗೆ ಆಕೆ ಸಂಘದ ಪದ್ಧತಿಯಂತೆ ತಲೆಬಾಗಿದಳು. ತಲೆ ಎತ್ತಿದಾಗ ಎದುರಿಗೆ ಕ್ರಿಸ್ತನು ತರುಣನ ರೂಪದಲ್ಲಿ ನಿಂತಿದ್ದನು. ನಡುವೆ ಮುಳ್ಳಿನ ಬೇಲಿ. ಆತನೇ ಕೈಹಿಡಿದು ದಾಟಿಸಿದನು. ಲೌಕಿಕ ಸಾಹಿತ್ಯದ ಮೋಹದಲ್ಲಿ ಕಾಲ ಕಳೆದೆನೆಂದು ಆಕೆ ಆಮೇಲೆ ಬಹಳ ಪರಿತಪಿಸಿದಳು. ಆದರೆ ಆ ಅನುಭವವನ್ನು ಲತೀನಿನಲ್ಲಿ ಬರೆಯಲು ಶಕ್ತಿ ಕೊಟ್ಟದ್ದು ಆ ವಿದ್ಯೆಯೇ ಅಲ್ಲವೇ! ನಿತ್ಯದ ಒಂದು ಶಿಷ್ಟಾಚಾರದ ನಡುವೆ ಈ ದರ್ಶನವಾಯಿತು ಎಂಬುದು ನಮಗೆ ಮುಖ್ಯ. ಮಹಾಸಭೆ ‘ಅನುಕರಣೆ’ ಎಂದು ಕರೆದದ್ದನ್ನು ಆಕೆ ‘ನಮ್ಮ ಸಂಘದ ಪದ್ಧತಿ’ ಎಂದು ಸಹಜವಾಗಿ ತಿಳಿದಿದ್ದಳು.

ಅತಿ ಕಠಿಣವಾದ ಪರೀಕ್ಷೆ 1290ರ ದಶಕದಲ್ಲಿ ಬಂದಿತು. ಹಾಲ್ಬರ್‌ಸ್ಟಾಟ್ ಪ್ರಧಾನಾಲಯದ ಗುರುಮಂಡಲಿಯು ಹಣಕಾಸಿನ ವಿವಾದವೊಂದರ ಕಾರಣ ಮಠದ ಮೇಲೆ ಆರಾಧನಾ ನಿಷೇಧವನ್ನು ವಿಧಿಸಿತು. ದಿನವೆಲ್ಲ ಆರಾಧನೆಗಾಗಿಯೇ ಬದುಕಿದ್ದವರಿಗೆ ಬಲಿಪೂಜೆಯಿಲ್ಲ, ಪರಮಪ್ರಸಾದವಿಲ್ಲ. ಕರ್ತನ ಭೋಜನವನ್ನು ಸಾಲದ ಜಗಳದಲ್ಲಿ ಆಯುಧವಾಗಿಸಬಹುದೇ ಎಂಬ ಪ್ರಶ್ನೆ ಯಾಜಕರಾದ ನಮ್ಮನ್ನು ಇಂದಿಗೂ ಚುಚ್ಚಬೇಕು. ಸನ್ಯಾಸಿನಿಯರು ದಂಗೆಯೇಳಲಿಲ್ಲ, ತಾವೇ ರೊಟ್ಟಿ ಮುರಿಯಲೂ ಇಲ್ಲ. ಆದರೆ ಮೆಕ್‌ಥಿಲ್ಡಳ ದರ್ಶನಗಳ ಗ್ರಂಥವು ಬೇರೊಂದು ಸಂಗತಿಯನ್ನು ಹೇಳುತ್ತದೆ: ಆ ದಿನಗಳಲ್ಲಿ ಕ್ರಿಸ್ತನೇ ಯಾಜಕನಾಗಿ ಬಂದು ಬಲಿಪೂಜೆ ಅರ್ಪಿಸಿ ಅವರಿಗೆ ತನ್ನ ಶರೀರವನ್ನು ಕೊಟ್ಟನು. ಇದನ್ನು ಬರಿಯ ಸಾಂತ್ವನವೆಂದು ಓದುವವರಿದ್ದಾರೆ. ನಮಗೆ ಇದು ಸಭೆಯ ಅಧಿಕಾರದ ಎಲ್ಲೆಯನ್ನು ಕುರಿತ ದೇವಶಾಸ್ತ್ರವಾಗಿ ಕಾಣುತ್ತದೆ. ಸಂಸ್ಕಾರವನ್ನು ತಡೆಹಿಡಿಯುವ ಅಧಿಕಾರ ಮನುಷ್ಯರಿಗಿದೆಯೆಂದು ಅವರು ಒಪ್ಪಿದರು. ಕ್ರಿಸ್ತನನ್ನು ತಡೆಹಿಡಿಯುವ ಅಧಿಕಾರ ಯಾರಿಗೂ ಇದೆಯೆಂದು ಒಪ್ಪಲಿಲ್ಲ.

ತನ್ನ ಅನುಭವಗಳನ್ನು ಇಬ್ಬರು ಸಹೋದರಿಯರು ಗುಟ್ಟಾಗಿ ಬರೆದಿಡುತ್ತಿದ್ದಾರೆಂದು ತಿಳಿದಾಗ ಮೆಕ್‌ಥಿಲ್ಡ್ ಕಳವಳಗೊಂಡಳು. ಆ ಇಬ್ಬರಲ್ಲಿ ಒಬ್ಬಳು ಆಕೆಯ ಶಿಷ್ಯೆ ಗೆರ್ಟ್ರೂಡಳೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಮ್ಯಾಗ್ಡೆಬರ್ಗಿನಲ್ಲಿ ತನ್ನ ಬರಹಕ್ಕಾಗಿ ವಿರೋಧವನ್ನು ಎದುರಿಸಿದ ಬೆಗೀನ್ ಭಕ್ತೆ, ಇನ್ನೊಬ್ಬ ಮೆಕ್‌ಥಿಲ್ಡ್, ಮುಪ್ಪಿನಲ್ಲಿ ಆಶ್ರಯ ಪಡೆದದ್ದೂ ಇಲ್ಲಿಯೇ; ಕಣ್ಣು ಮಂಜಾದ ಆಕೆ ತನ್ನ ಗ್ರಂಥದ ಕೊನೆಯ ಭಾಗವನ್ನು ಈ ಸಹೋದರಿಯರ ಕೈಯಿಂದ ಬರೆಯಿಸಿದಳು.

ಮುಂದಿನದು ಸಂಕ್ಷಿಪ್ತ. 14ನೆಯ ಶತಮಾನದ ಯುದ್ಧದಲ್ಲಿ ಮಠ ಹಾಳಾಗಿ ಸಮುದಾಯವು ಐಸ್ಲೇಬೆನ್ ಪಟ್ಟಣದ ಬಳಿಗೆ ಸರಿಯಿತು. ಅದೇ ಐಸ್ಲೇಬೆನ್ನಿನಲ್ಲಿ 1483ರಲ್ಲಿ ಲೂಥರನು ಹುಟ್ಟಿದನು. ಆತನ ಪತ್ನಿ ಕಥರೀನಾ ಫಾನ್ ಬೋರಾ ನಿಂಬ್‌ಶೆನ್ ಎಂಬ ಸಿಸ್ಟರ್ಸಿಯನ್ ಮಠದಲ್ಲಿ ಬೆಳೆದು 1523ರಲ್ಲಿ ಅದನ್ನು ತೊರೆದವಳು. 1525ರ ರೈತದಂಗೆಯಲ್ಲಿ ಐಸ್ಲೇಬೆನ್ನಿನ ಮಠವು ಲೂಟಿಯಾಯಿತು, ಅದೇ ಶತಮಾನದಲ್ಲಿ ಮುಚ್ಚಿಹೋಯಿತು. 1999ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿನಿಯರು ಹೆಲ್ಫ್ತಾಕ್ಕೆ ಮರಳಿ ಬಂದು ಕೀರ್ತನೆಗಳ ಪಾರಾಯಣವನ್ನು ಮತ್ತೆ ಆರಂಭಿಸಿದರು. ಈ ಬಾರಿ ಸಂಘದ ಅಂಗೀಕಾರದೊಂದಿಗೆ.