ವಿದ್ಯುನ್ಮಂಡಲ ಮತ್ತು ಗೃಹವಿದ್ಯುತ್ತು

ವಿದ್ಯುನ್ಮೂಲದಿಂದ ಹೊರಟ ಪ್ರವಾಹವು ವಾಹಕದಲ್ಲಿ ಹರಿದು, ದೀಪವೇ ಮೊದಲಾದ ಉಪಕರಣಗಳಲ್ಲಿ ಕಾರ್ಯವೆಸಗಿ, ಮರಳಿ ಮೂಲವನ್ನೇ ಸೇರುವ ಅಖಂಡ ಪಥಕ್ಕೆ ವಿದ್ಯುನ್ಮಂಡಲವೆಂದು ಹೆಸರು. ವೋಲ್ಟುಗಳಲ್ಲಿ ಅಳೆಯುವ ವಿಭವಾಂತರವನ್ನು ಓಮುಗಳಲ್ಲಿ ಅಳೆಯುವ ರೋಧದಿಂದ ಭಾಗಿಸಿದರೆ ಆಂಪೇರುಗಳಲ್ಲಿ ಪ್ರವಾಹವು ದೊರೆಯುವುದೆಂಬ ನಿಯಮವನ್ನು ಜರ್ಮನಿಯ ಗೇಯಾರ್ಗ್ ಓಮನು 1827ರಲ್ಲಿ ಪ್ರಕಟಿಸಿದನು.

ವಿಜಯಪುರ ಜಿಲ್ಲೆಯು ವಿದ್ಯುದುತ್ಪಾದನೆಗೆ ಹೆಸರಾದುದು: ಕೂಡಗಿಯಲ್ಲಿ ತಲಾ 800 ಮೆಗಾವಾಟಿನ 3 ಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವೂ, ಆಲಮಟ್ಟಿಯಲ್ಲಿ 290 ಮೆಗಾವಾಟಿನ ಜಲವಿದ್ಯುದಾಗಾರವೂ ಇವೆ. ಇಂತಹ ಸ್ಥಾವರಗಳ ವಿದ್ಯುತ್ತು ಮಹಾಜಾಲವನ್ನು ಸೇರಿ, ಉಪಕೇಂದ್ರಗಳಲ್ಲಿಯೂ ಬೀದಿಯ ಪರಿವರ್ತಕದಲ್ಲಿಯೂ (ಟಿ.ಸಿ.) ವೋಲ್ಟೇಜು ಇಳಿಕೆಗೊಂಡು, ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ತಂತಿಗಳ ಮೂಲಕ 230 ವೋಲ್ಟ್, 50 ಹರ್ಟ್ಸ್‌ಗಳ ಪರ್ಯಾಯ ಪ್ರವಾಹವಾಗಿ ಮನೆಗಳನ್ನು ಮುಟ್ಟುತ್ತದೆ.

ಮನೆಯ ಉಪಕರಣಗಳನ್ನು ಸಮಾಂತರವಾಗಿ ಜೋಡಿಸುವುದರಿಂದ ಒಂದು ದೀಪವು ಕೆಟ್ಟರೂ ಉಳಿದವು ಬೆಳಗುವುವು. ಆದರೆ ಅವುಗಳ ಪ್ರವಾಹಗಳೆಲ್ಲವೂ ಮುಖ್ಯ ತಂತಿಯಲ್ಲಿ ಕೂಡಿಕೊಳ್ಳುವುವು. 1000 ವಾಟಿನ ಇಸ್ತ್ರಿಪೆಟ್ಟಿಗೆಯೊಂದೇ ಸುಮಾರು 4.3 ಆಂಪೇರುಗಳನ್ನು ಸೆಳೆಯುವುದು. ಮಿತಿಮೀರಿದ ಪ್ರವಾಹದಿಂದ ತಂತಿ ಕಾದು ಬೆಂಕಿ ಹತ್ತದಂತೆ, ಫ್ಯೂಸಿನ ಎಳೆಯು ತಾನೇ ಕರಗಿ ಮಂಡಲವನ್ನು ಕಡಿಯುತ್ತದೆ. ಅದರ ಸ್ಥಾನದಲ್ಲಿ ದಪ್ಪ ತಂತಿಯನ್ನು ಸುತ್ತುವುದು ರಕ್ಷಣೆಯನ್ನೇ ಕಳೆದುಕೊಂಡಂತೆ.

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಉದ್ದವೂ ದಪ್ಪವೂ ಆದ ಕಡ್ಡಿಯು ಭೂಸಂಪರ್ಕದ್ದು. ಅದು ಮೊದಲು ತಾಗಿ ಕಡೆಗೆ ಬಿಡುವುದರಿಂದ, ಉಪಕರಣದ ಲೋಹಕವಚಕ್ಕೆ ಸೋರಿದ ವಿದ್ಯುತ್ತಿಗೆ ಮನುಷ್ಯದೇಹಕ್ಕಿಂತ ಸುಲಭವಾದ ದಾರಿಯೊದಗುವುದು. ಬೇಸಗೆಯಲ್ಲಿ ಒಣಗಿ ಬಿರಿಯುವ ವಿಜಯಪುರ ಸೀಮೆಯ ಎರೆಭೂಮಿಯಲ್ಲಿ ಮಣ್ಣಿನ ರೋಧವು ಹೆಚ್ಚುವುದರಿಂದ, ಇದ್ದಿಲು ಉಪ್ಪುಗಳನ್ನು ತುಂಬಿದ ಭೂಸಂಪರ್ಕದ (ಅರ್ಥಿಂಗ್) ಗುಂಡಿಗೆ ಆಗಾಗ ನೀರೆರೆಯುವುದು ಅತ್ಯಾವಶ್ಯಕ.